ನಾಲ್ಕು ಅಕ್ಷರಗಳ ಫಲಿತಾಂಶದಿಂದ ಗಂಡನ ಬಾಂಧವ್ಯ ಶೈಲಿಯನ್ನು ಓದಬಹುದೇ?

ಪ್ರಶ್ನೆ: ನನಗೆ 31 ವರ್ಷ. ಮದುವೆಯಾಗಿ ನಾಲ್ಕು ವರ್ಷವಾಗಿದೆ. ಮೈಸೂರಿನಲ್ಲಿ ಶಿಕ್ಷಕಿಯಾಗಿದ್ದೇನೆ. ನಮ್ಮ ಯಜಮಾನರು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿದ್ದು, ವಾರಾಂತ್ಯಕ್ಕೆ ಮನೆಗೆ ಬರುತ್ತಾರೆ. ಅವರ ಕಚೇರಿಯ ತರಬೇತಿಯಲ್ಲಿ ವ್ಯಕ್ತಿತ್ವ ಪರೀಕ್ಷೆ ಮಾಡಿಸಿದಾಗ ‘ಐಎಸ್‌ಟಿಜೆ’ ಎಂದು ಬಂದಿತ್ತಂತೆ. ಕುತೂಹಲಕ್ಕೆ ನಾನೂ ಒಂದು ಜಾಲತಾಣದಲ್ಲಿ ಪರೀಕ್ಷೆ ತೆಗೆದುಕೊಂಡೆ. ‘ಐಎನ್‌ಎಫ್‌ಪಿ-ಟಿ’ ಎಂದು ಬಂತು. ಆಮೇಲೆ ಅಟ್ಯಾಚ್‌ಮೆಂಟ್ ಸ್ಟೈಲ್, ಅಂದರೆ ಬಾಂಧವ್ಯ ಶೈಲಿಯ ಪರೀಕ್ಷೆಯಲ್ಲಿ ನನ್ನದು ಆತಂಕದ ಶೈಲಿ ಎಂದೂ, ಅವರ ಪರವಾಗಿ ನಾನೇ ಉತ್ತರಿಸಿದಾಗ ಅವರದು ವಿಮುಖ ಶೈಲಿ ಎಂದೂ ತೋರಿಸಿತು. ಐಎಸ್‌ಟಿಜೆ ಆದವರು ಸಾಮಾನ್ಯವಾಗಿ ವಿಮುಖರೇ ಎಂದು ಒಂದು ಕಡೆ ಓದಿದೆ. ಕಳೆದ ವರ್ಷ ಅಪ್ಪ ಆಸ್ಪತ್ರೆಯಲ್ಲಿದ್ದಾಗ ಇವರು ರಜೆ ಹಾಕಿ ಬಂದು ರಾತ್ರಿಯೆಲ್ಲ ನನ್ನ ಜೊತೆ ಕೂತಿದ್ದರು, ಹೆಚ್ಚು ಮಾತನಾಡಲಿಲ್ಲ. ಆದರೆ ತಮ್ಮ ಕೆಲಸಕ್ಕೇ ಕುತ್ತು ಬಂದಾಗ ವಾರಗಟ್ಟಲೆ ನನಗೆ ಹೇಳಲಿಲ್ಲ. ಈ ಎರಡು ಪರೀಕ್ಷೆಗಳೂ ಒಂದೇ ವಿಷಯವನ್ನು ಹೇಳುತ್ತಿವೆಯೇ? ಇದು ಹುಟ್ಟುಗುಣವಾದರೆ ಬದಲಾಗುವುದೇ ಇಲ್ಲವೇ?

ಉತ್ತರ: ಎರಡು ಪರೀಕ್ಷೆಗಳು ಅಳೆಯುವ ಸಂಗತಿಗಳು ಬೇರೆ ಬೇರೆ. ಅವುಗಳ ನಡುವೆ ನಂಟಿರುವುದು ನಿಜ. ಆದರೆ ಆ ನಂಟು ಒಂದನ್ನು ನೋಡಿ ಇನ್ನೊಂದನ್ನು ಹೇಳುವಷ್ಟು ಬಲವಾಗಿಲ್ಲ. ನಿಮ್ಮ ಯಜಮಾನರಿಗೆ ಬಂದಿರುವ ನಾಲ್ಕು ಅಕ್ಷರಗಳಿಂದಂತೂ ಅವರ ಬಾಂಧವ್ಯ ಶೈಲಿಯ ಬಗ್ಗೆ ಹೆಚ್ಚೇನೂ ತಿಳಿಯುವುದಿಲ್ಲ. ನೀವು ಬರೆದಿರುವ ಎರಡು ಘಟನೆಗಳು, ಅಂದರೆ ಆಸ್ಪತ್ರೆಯ ರಾತ್ರಿಗಳು ಮತ್ತು ಬಚ್ಚಿಟ್ಟ ಕೆಲಸದ ಸಂಕಟ, ಆ ಅಕ್ಷರಗಳಿಗಿಂತ ಎಷ್ಟೋ ಹೆಚ್ಚಿನದನ್ನು ಹೇಳುತ್ತವೆ. ಅವು ಒಂದಕ್ಕೊಂದು ವಿರುದ್ಧವಾಗಿರುವಂತೆ ತೋರುವುದರಿಂದಲೇ ನಿಮ್ಮ ಪ್ರಶ್ನೆಗೆ ಸ್ವಲ್ಪ ವಿವರವಾಗಿ ಉತ್ತರಿಸಬೇಕೆನಿಸಿತು.

ವ್ಯಕ್ತಿತ್ವ ಪರೀಕ್ಷೆ ಕೇಳುವುದು ಮನುಷ್ಯ ಒಟ್ಟಾರೆ ಎಂಥವನು ಎಂಬುದನ್ನು. ಕಚೇರಿಯಲ್ಲಿ, ನೆಂಟರ ಮದುವೆಯಲ್ಲಿ, ಒಬ್ಬನೇ ಇರುವಾಗ, ಹೀಗೆ ನೂರಾರು ಸಂದರ್ಭಗಳ ಸರಾಸರಿಯನ್ನು ಅದು ಹಿಡಿಯಲು ನೋಡುತ್ತದೆ. ಬಾಂಧವ್ಯ ಶೈಲಿಯ ಪ್ರಶ್ನೆ ಅದಕ್ಕಿಂತ ಕಿರಿದು, ಆದರೆ ಹೆಚ್ಚು ಆಳದ್ದು. ಭಯವೋ ದುಃಖವೋ ಸೋಲೋ ಎದುರಾದಾಗ ನಮಗೆ ಅತ್ಯಂತ ಹತ್ತಿರದವರ ಬಳಿಗೆ ನಾವು ಹೋಗುತ್ತೇವೆಯೇ (ಭದ್ರ ಶೈಲಿ), ಅವರು ಸಿಗಲಾರರೆಂಬ ಭಯದಲ್ಲಿ ಬಿಗಿಯಾಗಿ ಹಿಡಿದುಕೊಳ್ಳುತ್ತೇವೆಯೇ (ಆತಂಕದ ಶೈಲಿ), ಅಥವಾ ಅವರ ಅಗತ್ಯವೇ ಇಲ್ಲವೆಂಬಂತೆ ಪಕ್ಕಕ್ಕೆ ಸರಿಯುತ್ತೇವೆಯೇ (ವಿಮುಖ ಶೈಲಿ) ಎಂಬುದು ಅದರ ವಿಷಯ. ನೆಮ್ಮದಿಯ ದಿನಗಳಲ್ಲಿ ಈ ವ್ಯತ್ಯಾಸ ಕಣ್ಣಿಗೆ ಬೀಳದೆಯೂ ಇರಬಹುದು.

ಮೊದಲು ವ್ಯಕ್ತಿತ್ವ ಪರೀಕ್ಷೆಗಳ ಬಗ್ಗೆ ಹೇಳುತ್ತೇನೆ, ಏಕೆಂದರೆ ಗೊಂದಲದ ಬೇರು ಅಲ್ಲಿದೆ. ಜನ ‘ವ್ಯಕ್ತಿತ್ವ ಪರೀಕ್ಷೆ’ ಎಂದು ಕರೆಯುವವುಗಳಲ್ಲಿ ಎರಡು ಬೇರೆ ಬೇರೆ ಪರಂಪರೆಗಳಿವೆ. ಒಂದು, ಸಂಶೋಧಕರು ಹೆಚ್ಚಾಗಿ ಬಳಸುವ ‘ಬಿಗ್ ಫೈವ್’ ಅಥವಾ ಐದು ಗುಣಗಳ ಮಾದರಿ. 1936ರಲ್ಲಿ ಅಮೆರಿಕದ ಗಾರ್ಡನ್ ಆಲ್‌ಪೋರ್ಟ್ ಮತ್ತು ಹೆನ್ರಿ ಒಡ್‌ಬರ್ಟ್ ಇಂಗ್ಲಿಷ್ ನಿಘಂಟಿನಿಂದ ಮನುಷ್ಯರನ್ನು ವರ್ಣಿಸುವ ಸುಮಾರು 18,000 ಪದಗಳನ್ನು ಹೆಕ್ಕಿದರು. ಮುಂದಿನ ದಶಕಗಳಲ್ಲಿ ಅನೇಕ ಸಂಶೋಧಕರು ಇಂಥ ಪದಗಳನ್ನು ಕೊಟ್ಟು ಜನರು ತಮ್ಮನ್ನೂ ಇತರರನ್ನೂ ಅಳೆಯುವಂತೆ ಮಾಡಿ, ಯಾವ ಪದಗಳು ಒಟ್ಟೊಟ್ಟಿಗೆ ಬರುತ್ತವೆ ಎಂದು ಸಂಖ್ಯಾಶಾಸ್ತ್ರದ ಸಹಾಯದಿಂದ ನೋಡುತ್ತ ಹೋದಾಗ ಮತ್ತೆ ಮತ್ತೆ ಐದು ಗುಂಪುಗಳು ಸಿಕ್ಕವು. ಹೊಸತಿಗೆ ತೆರೆದುಕೊಳ್ಳುವಿಕೆ, ಅಚ್ಚುಕಟ್ಟುತನ, ಬಹಿರ್ಮುಖತೆ, ಸೌಹಾರ್ದ ಮತ್ತು ‘ನ್ಯೂರೋಟಿಸಿಸಂ’ ಎಂದು ಕರೆಯುವ ಭಾವನಾತ್ಮಕ ಅಸ್ಥಿರತೆ ಆ ಐದು. ಕೊನೆಯದೆಂದರೆ ಚಿಂತೆ, ದುಗುಡ, ಸಿಡುಕು, ತನ್ನ ಮೇಲೆ ತನಗೇ ಅಪನಂಬಿಕೆ ಇವು ಬೇಗನೆ ಮೇಲೆದ್ದು ನಿಧಾನವಾಗಿ ಇಳಿಯುವ ಸ್ವಭಾವ. ಪಾಲ್ ಕೋಸ್ಟಾ ಮತ್ತು ರಾಬರ್ಟ್ ಮೆಕ್ರೇ 1992ರಲ್ಲಿ ಹೊರತಂದ 240 ಹೇಳಿಕೆಗಳ ಪ್ರಶ್ನಾವಳಿ ಈ ಐದನ್ನೂ ಅಳೆಯುತ್ತದೆ.

ನಿಮ್ಮ ಯಜಮಾನರ ಕಚೇರಿಯಲ್ಲಿ ನಡೆಸಿದ್ದು ಎರಡನೆಯ ಪರಂಪರೆಗೆ ಸೇರಿದ ಎಂಬಿಟಿಐ (ಮೈಯರ್ಸ್-ಬ್ರಿಗ್ಸ್ ಟೈಪ್ ಇಂಡಿಕೇಟರ್) ಅಥವಾ ಅದರ ಮಾದರಿಯದು. ಸ್ವಿಟ್ಜರ್‌ಲೆಂಡಿನ ಕಾರ್ಲ್ ಯೂಂಗ್ 1921ರಲ್ಲಿ ಮಂಡಿಸಿದ ಮಾನಸಿಕ ಮಾದರಿಗಳ ವಿಚಾರವನ್ನು ಆಧರಿಸಿ ಅಮೆರಿಕದ ತಾಯಿ-ಮಗಳು ಕ್ಯಾಥರೀನ್ ಬ್ರಿಗ್ಸ್ ಮತ್ತು ಇಸಬೆಲ್ ಮೈಯರ್ಸ್ ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಅದನ್ನು ರೂಪಿಸಿದರು. ಅಂತರ್ಮುಖತೆ (ಐ) ಅಥವಾ ಬಹಿರ್ಮುಖತೆ (ಇ), ಇಂದ್ರಿಯಾನುಭವ (ಎಸ್) ಅಥವಾ ಒಳಅರಿವು (ಎನ್), ತರ್ಕ (ಟಿ) ಅಥವಾ ಭಾವನೆ (ಎಫ್), ನಿರ್ಧಾರ (ಜೆ) ಅಥವಾ ಮುಕ್ತತೆ (ಪಿ) ಎಂಬ ನಾಲ್ಕು ಜೋಡಿಗಳಲ್ಲಿ ಒಂದೊಂದು ಅಕ್ಷರ ಆರಿಸಿದರೆ ಹದಿನಾರು ಮಾದರಿಗಳಾಗುತ್ತವೆ. ಯಾವ ಮಾದರಿಯೂ ಕೆಟ್ಟದ್ದಲ್ಲ ಎಂಬುದು ಅದರ ಮೂಲ ಆಶಯ. ಆಶಯ ಒಳ್ಳೆಯದೇ. ಆದರೆ ಕೋಸ್ಟಾ ಮತ್ತು ಮೆಕ್ರೇ 1989ರಲ್ಲಿ ಈ ಪರೀಕ್ಷೆಯನ್ನು ಐದು ಗುಣಗಳ ಪಕ್ಕದಲ್ಲಿಟ್ಟು ನೋಡಿದಾಗ ಒಂದು ಮುಖ್ಯ ವಿಷಯ ಹೊರಬಿತ್ತು. ಎಂಬಿಟಿಐನ ನಾಲ್ಕು ಅಳತೆಗಳು ಐದರಲ್ಲಿ ನಾಲ್ಕು ಗುಣಗಳಿಗೆ ಹೊಂದಿಕೊಳ್ಳುತ್ತವೆ. ಐದನೆಯದಾದ ಭಾವನಾತ್ಮಕ ಅಸ್ಥಿರತೆಗೆ ಅಲ್ಲಿ ಜಾಗವೇ ಇಲ್ಲ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ವ್ಯಕ್ತಿತ್ವದ ಗುಣಗಳಲ್ಲಿ ಬಾಂಧವ್ಯ ಶೈಲಿಯೊಂದಿಗೆ ಅತಿ ಹೆಚ್ಚು ನಂಟು ಇರುವುದು ಈ ಬಿಟ್ಟುಹೋದ ಗುಣಕ್ಕೇ. ಹಾಗಾಗಿ ನಾಲ್ಕು ಅಕ್ಷರಗಳಿಂದ ಬಾಂಧವ್ಯ ಶೈಲಿಯನ್ನು ಊಹಿಸಲು ಹೊರಟವರು, ಊಹೆಗೆ ಎಲ್ಲಕ್ಕಿಂತ ಹೆಚ್ಚು ಬೇಕಾದ ಮಾಹಿತಿಯನ್ನೇ ಕೈಬಿಟ್ಟು ಹೊರಟಿರುತ್ತಾರೆ. ಕೆಲವು ಜಾಲತಾಣಗಳು ಈ ಕೊರತೆಯನ್ನು ತುಂಬಲು ನಾಲ್ಕು ಅಕ್ಷರಗಳ ಕೊನೆಗೆ ಅಡ್ಡಗೆರೆ ಹಾಕಿ ‘ಎ’ ಅಥವಾ ‘ಟಿ’ ಎಂದು ಐದನೆಯ ಅಕ್ಷರವನ್ನು ಸೇರಿಸುತ್ತವೆ. ‘ಟಿ’ ಎಂದರೆ ಮನಸ್ಸು ಬೇಗ ಕದಡುವ ಸ್ವಭಾವ. ನಿಮ್ಮ ಫಲಿತಾಂಶದಲ್ಲಿ ಆ ಅಕ್ಷರವಿದೆ, ಅವರದರಲ್ಲಿ ಇಲ್ಲ. ಅಂದರೆ ನೀವಿಬ್ಬರೂ ತೆಗೆದುಕೊಂಡದ್ದು ಒಂದೇ ಪರೀಕ್ಷೆಯೂ ಅಲ್ಲ. ನಿಮ್ಮ ಆತಂಕದ ಶೈಲಿಗೂ ನಿಮ್ಮ ವ್ಯಕ್ತಿತ್ವ ಫಲಿತಾಂಶಕ್ಕೂ ಏನಾದರೂ ತಾಳೆ ಕಂಡಿದ್ದರೆ ಅದು ಬಹುಪಾಲು ಆ ಕೊನೆಯ ‘ಟಿ’ಯಿಂದ ಬಂದದ್ದೇ ಹೊರತು ಮೊದಲಿನ ನಾಲ್ಕು ಅಕ್ಷರಗಳಿಂದಲ್ಲ.

ಇನ್ನೊಂದು ತೊಂದರೆಯೂ ಇದೆ. ಅಂತರ್ಮುಖತೆ-ಬಹಿರ್ಮುಖತೆ ಎತ್ತರದ ಹಾಗೆ; ಹೆಚ್ಚಿನವರು ನಡುವಿನಲ್ಲೇ ಇರುತ್ತಾರೆ. ನಡುವೆ ಗೆರೆ ಎಳೆದು ಎರಡು ಹೆಸರು ಕೊಟ್ಟಾಗ ಗೆರೆಯ ಹತ್ತಿರ ಇರುವವರು ಒಂದೆರಡು ಪ್ರಶ್ನೆಗಳಿಗೆ ಬೇರೆ ರೀತಿ ಉತ್ತರಿಸಿದರೂ ಆಚೆಗೆ ಹೋಗಿಬಿಡುತ್ತಾರೆ. ಕೆಲವೇ ವಾರಗಳ ನಂತರ ಮತ್ತೆ ಪರೀಕ್ಷೆ ತೆಗೆದುಕೊಂಡವರಲ್ಲಿ ಗಣನೀಯ ಪಾಲಿನವರಿಗೆ ಕನಿಷ್ಠ ಒಂದು ಅಕ್ಷರವಾದರೂ ಬದಲಾಗುವುದಕ್ಕೆ ಇದೇ ಮುಖ್ಯ ಕಾರಣ. ಫಲಿತಾಂಶದ ವಿವರಣೆ ಓದಿದಾಗ ‘ಇದು ನಾನೇ’ ಎನಿಸುವುದನ್ನೂ ಸಾಕ್ಷ್ಯವೆಂದು ಭಾವಿಸಬೇಡಿ. 1948ರಲ್ಲಿ ಬರ್ಟ್ರಮ್ ಫೋರರ್ ಎಂಬ ಮನೋವಿಜ್ಞಾನಿ ತಮ್ಮ 39 ವಿದ್ಯಾರ್ಥಿಗಳಿಗೆ ಪರೀಕ್ಷೆ ಕೊಟ್ಟು, ಎಲ್ಲರಿಗೂ ಒಂದೇ ವಿವರಣೆಯನ್ನು ‘ಇದು ನಿಮ್ಮ ಫಲಿತಾಂಶ’ ಎಂದು ಹಂಚಿದರು. ಅದು ತಮಗೆ ಎಷ್ಟು ಹೊಂದುತ್ತದೆ ಎಂದು ಕೇಳಿದಾಗ ವಿದ್ಯಾರ್ಥಿಗಳು ಕೊಟ್ಟ ಸರಾಸರಿ ಅಂಕ ಐದಕ್ಕೆ 4.26.

ಬಾಂಧವ್ಯದ ಸಿದ್ಧಾಂತ ಹುಟ್ಟಿದ್ದು ನಿಘಂಟಿನಿಂದಲ್ಲ, ತಾಯಿಯಿಂದ ಅಗಲಿದ ಮಕ್ಕಳನ್ನು ನೋಡುವುದರಿಂದ. ಬ್ರಿಟನ್ನಿನ ಮನೋವೈದ್ಯ ಜಾನ್ ಬೋಲ್ಬಿ ಯುದ್ಧದ ನಂತರದ ವರ್ಷಗಳಲ್ಲಿ ಅನಾಥಾಲಯ ಮತ್ತು ಆಸ್ಪತ್ರೆಗಳಲ್ಲಿ ಒಂಟಿಯಾಗಿ ಬೆಳೆದ ಮಕ್ಕಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಗಾಗಿ 1951ರಲ್ಲಿ ವರದಿ ಬರೆದರು. ಅಪಾಯ ಕಂಡಾಗ ಕಾಪಾಡುವವರ ಹತ್ತಿರಕ್ಕೆ ಓಡುವ ಪ್ರವೃತ್ತಿ ಹಸಿವಿನಷ್ಟೇ ಮೂಲಭೂತವಾದದ್ದು ಎಂಬುದು ಅವರ ವಾದ. ಮನೋವಿಜ್ಞಾನಿ ಮೇರಿ ಐನ್ಸ್‌ವರ್ತ್ 1954-55ರಲ್ಲಿ ಉಗಾಂಡಾದ ಕಂಪಾಲ ಸುತ್ತಲಿನ ಹಳ್ಳಿಗಳಲ್ಲೂ, ನಂತರ ಅಮೆರಿಕದ ಬಾಲ್ಟಿಮೋರಿನಲ್ಲೂ ತಾಯಿ-ಮಕ್ಕಳನ್ನು ಮನೆಯಲ್ಲೇ ಗಮನಿಸಿ, ಒಂದು ವರ್ಷದ ಮಗುವನ್ನು ಅಪರಿಚಿತ ಕೋಣೆಯಲ್ಲಿ ಸ್ವಲ್ಪ ಹೊತ್ತು ತಾಯಿಯಿಂದ ಅಗಲಿಸಿ ಮತ್ತೆ ಸೇರಿಸುವ ಪ್ರಯೋಗವನ್ನು ರೂಪಿಸಿದರು. ಅವರು ಹೆಚ್ಚು ಗಮನ ಕೊಟ್ಟದ್ದು ತಾಯಿ ಹೋದಾಗ ಮಗು ಎಷ್ಟು ಅತ್ತಿತು ಎಂಬುದಕ್ಕಲ್ಲ, ಮರಳಿ ಬಂದಾಗ ಏನು ಮಾಡಿತು ಎಂಬುದಕ್ಕೆ. ಕೆಲವು ಮಕ್ಕಳು ಓಡಿ ಬಂದು ಸಮಾಧಾನಗೊಂಡು ಮತ್ತೆ ಆಟಕ್ಕೆ ಹೋದವು. ಕೆಲವು ಅಂಟಿಕೊಂಡೂ ಸಿಟ್ಟಿನಿಂದ ಒದ್ದವು. ಕೆಲವು ತಾಯಿ ಬಂದದ್ದೇ ಕಾಣಲಿಲ್ಲವೆಂಬಂತೆ ಮುಖ ತಿರುಗಿಸಿದವು.

ಇದನ್ನು ವಯಸ್ಕರ ಪ್ರೇಮಕ್ಕೆ ಅನ್ವಯಿಸಿದವರು ಸಿಂಡಿ ಹೇಜನ್ ಮತ್ತು ಫಿಲಿಪ್ ಶೇವರ್. ಅವರು ಡೆನ್ವರಿನ ಪತ್ರಿಕೆಯೊಂದರಲ್ಲಿ ಪ್ರಶ್ನಾವಳಿ ಪ್ರಕಟಿಸಿ, ಮೂರು ಸಣ್ಣ ವಿವರಣೆಗಳಲ್ಲಿ ತಮಗೆ ಹೊಂದುವುದನ್ನು ಆರಿಸಲು ಓದುಗರಿಗೆ ಹೇಳಿದರು. 1987ರಲ್ಲಿ ಪ್ರಕಟವಾದ ಆ ಫಲಿತಾಂಶದಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಂದಿ ಭದ್ರ ಶೈಲಿಯನ್ನೂ, ಸುಮಾರು ಕಾಲು ಭಾಗ ವಿಮುಖ ಶೈಲಿಯನ್ನೂ, ಐದರಲ್ಲೊಂದು ಪಾಲಿನಷ್ಟು ಜನ ಆತಂಕದ ಶೈಲಿಯನ್ನೂ ಆರಿಸಿದ್ದರು. ಹನ್ನೊಂದು ವರ್ಷಗಳ ನಂತರ, 1998ರಲ್ಲಿ, ಕೆಲ್ಲಿ ಬ್ರೆನನ್, ಕ್ಯಾಥರೀನ್ ಕ್ಲಾರ್ಕ್ ಮತ್ತು ಶೇವರ್ ಆಗ ಬಳಕೆಯಲ್ಲಿದ್ದ ಪ್ರಶ್ನಾವಳಿಗಳನ್ನೆಲ್ಲ ಒಟ್ಟುಮಾಡಿ ಜರಡಿ ಹಿಡಿದು 36 ಹೇಳಿಕೆಗಳ ಅಳತೆಯನ್ನು ರೂಪಿಸಿದಾಗ ‘ಶೈಲಿ’ಗಳ ಕೆಳಗೆ ಇರುವುದು ಎರಡೇ ಅಳತೆಗಳು ಎಂಬುದು ಸ್ಪಷ್ಟವಾಯಿತು. ಸಂಗಾತಿ ಕೈಬಿಡಬಹುದೆಂಬ ಆತಂಕ ಒಂದು, ಹತ್ತಿರವಾಗುವುದಕ್ಕೆ ಮತ್ತು ನೆಚ್ಚಿಕೊಳ್ಳುವುದಕ್ಕೆ ಹಿಂಜರಿಕೆ ಇನ್ನೊಂದು. ಎರಡೂ ಕಡಿಮೆ ಇದ್ದರೆ ಭದ್ರ ಬಾಂಧವ್ಯ. ಎರಡೂ ಹೆಚ್ಚಿದ್ದರೆ ಹತ್ತಿರ ಬೇಕೆಂಬ ಆಸೆಯೂ ಹತ್ತಿರದ ಭಯವೂ ಒಟ್ಟಿಗೆ ಇರುವ ಶೈಲಿ. ಜಾಲತಾಣಗಳಲ್ಲಿ ಸಿಗುವ ಪರೀಕ್ಷೆಗಳಲ್ಲಿ ಬಹಳಷ್ಟು ಈ 36 ಹೇಳಿಕೆಗಳ ಸಂತಾನವೇ.

ಈಗ ನಂಟಿನ ವಿಷಯ. ಶೇವರ್ ಮತ್ತು ಬ್ರೆನನ್ 1992ರಲ್ಲಿ ಬಾಂಧವ್ಯ ಶೈಲಿ ಮತ್ತು ಐದು ಗುಣಗಳನ್ನು ಒಂದೇ ಜನರಲ್ಲಿ ಅಳೆದು ಹೋಲಿಸಿದರು. ಎರಿಕ್ ನಾಫ್ಟಲ್ ಮತ್ತು ಶೇವರ್ 2006ರಲ್ಲಿ ಅದನ್ನು ಇನ್ನೂ ವಿವರವಾಗಿ ಮಾಡಿದರು. ಬಾಂಧವ್ಯದ ಆತಂಕ ಹೆಚ್ಚಿದ್ದವರಲ್ಲಿ ಭಾವನಾತ್ಮಕ ಅಸ್ಥಿರತೆಯೂ ಹೆಚ್ಚಿರುತ್ತದೆ, ಸಹಸಂಬಂಧ ಗುಣಾಂಕ (ಎರಡು ಅಳತೆಗಳು ಎಷ್ಟು ಒಟ್ಟಿಗೆ ಏರಿಳಿಯುತ್ತವೆ ಎಂಬುದರ ಅಂಕಿ; 0 ಎಂದರೆ ನಂಟಿಲ್ಲ, 1 ಎಂದರೆ ಪೂರ್ಣ ನಂಟು) ಸುಮಾರು 0.4ರಿಂದ 0.5ರ ಆಸುಪಾಸು. ವಿಮುಖತೆ ಹೆಚ್ಚಿದ್ದವರಲ್ಲಿ ಸೌಹಾರ್ದ ಮತ್ತು ಬಹಿರ್ಮುಖತೆ ಸ್ವಲ್ಪ ಕಡಿಮೆ ಇರುತ್ತವೆ, ಆದರೆ ಇಲ್ಲಿನ ನಂಟು ಅದಕ್ಕಿಂತ ಸಾಕಷ್ಟು ಸಡಿಲ. ಹೊಸತಿಗೆ ತೆರೆದುಕೊಳ್ಳುವ ಗುಣಕ್ಕೂ ಬಾಂಧವ್ಯಕ್ಕೂ ಹೇಳಿಕೊಳ್ಳುವಂಥ ಸಂಬಂಧವೇ ಇಲ್ಲ.

ಈ ಅಂಕಿಗಳನ್ನು ಓದುವ ಬಗೆ ಹೀಗೆ. ಸಹಸಂಬಂಧ 0.5 ಇದ್ದರೆ ಒಂದರಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದ ನಾಲ್ಕನೆಯ ಒಂದು ಪಾಲನ್ನು ಮಾತ್ರ ಇನ್ನೊಂದು ಹಂಚಿಕೊಳ್ಳುತ್ತದೆ, 0.2 ಇದ್ದರೆ ನೂರರಲ್ಲಿ ನಾಲ್ಕು ಪಾಲು. ಸ್ವಭಾವತಃ ಚಿಂತೆ ಹೆಚ್ಚು ಮಾಡುವವರೆಲ್ಲ ಸಂಗಾತಿಯ ಪ್ರೀತಿಯನ್ನು ಅನುಮಾನಿಸುವುದಿಲ್ಲ. ಉಳಿದೆಲ್ಲ ವಿಷಯದಲ್ಲಿ ಗಟ್ಟಿಯಾಗಿರುವವರು ಒಬ್ಬ ವ್ಯಕ್ತಿಯ ವಿಷಯದಲ್ಲಿ ಮಾತ್ರ ನಿದ್ರೆಗೆಡುವುದುಂಟು. ನೀವು ಓದಿದ ‘ಐಎಸ್‌ಟಿಜೆಗಳು ವಿಮುಖರು’ ಎಂಬ ಮಾತಿನ ಮೂಲವನ್ನೂ ಇಲ್ಲಿ ಊಹಿಸಬಹುದು. ಆ ನಾಲ್ಕರಲ್ಲಿ ‘ಐ’ ಕಡಿಮೆ ಬಹಿರ್ಮುಖತೆಯನ್ನೂ, ‘ಟಿ’ ಸ್ವಲ್ಪ ಕಡಿಮೆ ಸೌಹಾರ್ದವನ್ನೂ ಸೂಚಿಸುತ್ತದೆ. ಆ ಎರಡಕ್ಕೂ ವಿಮುಖತೆಯೊಂದಿಗೆ ತೆಳುವಾದ ನಂಟಿದೆ. ಸಾವಿರಾರು ಜನರ ಸರಾಸರಿಯಲ್ಲಿ ಕಾಣುವ ಆ ತೆಳುವಾದ ನಂಟನ್ನು ಒಬ್ಬ ಮನುಷ್ಯನ ಮೇಲೆ ತೀರ್ಪಿನಂತೆ ಹೇರುವುದು ತಪ್ಪು. (ನಿಮ್ಮ ಫಲಿತಾಂಶದ ಕೊನೆಯ ‘ಟಿ’ಗೂ ನಿಮ್ಮ ಯಜಮಾನರ ‘ಐಎಸ್‌ಟಿಜೆ’ಯಲ್ಲಿರುವ ‘ಟಿ’ಗೂ ಅರ್ಥ ಬೇರೆ ಎಂಬುದನ್ನು ಗಮನಿಸಿ.)

ಮೇಲಿನ ಎರಡೂ ಅಧ್ಯಯನಗಳಲ್ಲಿ ಇನ್ನೊಂದು ಮುಖ್ಯ ಅಂಶವಿತ್ತು. ಸಂಬಂಧದಲ್ಲಿ ಎಷ್ಟು ತೃಪ್ತಿಯಿದೆ, ಎಷ್ಟು ಬದ್ಧತೆಯಿದೆ ಎಂಬುದನ್ನು ಹೇಳುವುದರಲ್ಲಿ ಬಾಂಧವ್ಯದ ಅಳತೆಗಳು ಐದು ಗುಣಗಳಿಗಿಂತ ಮುಂದಿದ್ದವು. ಎರಡೂ ಒಂದೇ ಆಗಿದ್ದರೆ ಹೀಗಾಗುತ್ತಿರಲಿಲ್ಲ.

ಈಗ ನಿಮ್ಮ ಮನೆಯ ವಿಷಯಕ್ಕೆ ಬರೋಣ. ಅಂತರ್ಮುಖತೆಯನ್ನು ವಿಮುಖತೆಯೆಂದು ತಿಳಿಯುವುದು ನಾನು ಪದೇ ಪದೇ ಕಾಣುವ ತಪ್ಪು ತಿಳಿವಳಿಕೆ. ಅದರಿಂದ ದಾಂಪತ್ಯಗಳಿಗೆ ಆಗುವ ನೋವು ಸಣ್ಣದಲ್ಲ. ಅಂತರ್ಮುಖಿಗೆ ಜನರ ಗದ್ದಲ ಬೇಗ ಸಾಕಾಗುತ್ತದೆ, ಮಾತು ಮಿತ, ಒಂಟಿಯಾಗಿ ಕಳೆಯುವ ಹೊತ್ತು ಅವನಿಗೆ ಬೇಕು. ಅಷ್ಟರಿಂದ ಅವನು ಕಷ್ಟದಲ್ಲಿ ಹೆಂಡತಿಯ ಹೆಗಲಿಗೆ ತಲೆಯಿಡಲಾರ ಎಂದು ಹೇಳಲಾಗದು. ಹಾಗೆಯೇ ನೂರು ಜನರ ನಡುವೆ ನಗುತ್ತ ನಗಿಸುತ್ತ ಓಡಾಡುವ ವ್ಯಕ್ತಿ ತನ್ನ ಸೋಲನ್ನು ಮನೆಯವರಿಗೂ ತೋರಿಸದೆ ಇರಬಹುದು. ಮಾತು ಎಷ್ಟು ಎಂಬುದು ಇಲ್ಲಿ ಅಳತೆಯಲ್ಲ. ಅಗತ್ಯ ಬಿದ್ದಾಗ ದಿಕ್ಕು ಯಾವ ಕಡೆಗೆ ಎಂಬುದು ಅಳತೆ.

ಜೆಫ್ರಿ ಸಿಂಪ್ಸನ್, ಸ್ಟೀವನ್ ರೋಲ್ಸ್ ಮತ್ತು ಜೂಲಿಯಾ ನೆಲ್ಲಿಗನ್ 1992ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಸೊಗಸಾಗಿ ತೋರಿಸುತ್ತದೆ. ಪರಸ್ಪರ ಪ್ರೀತಿಸುತ್ತಿದ್ದ 83 ಜೋಡಿಗಳನ್ನು ಅವರು ಪ್ರಯೋಗಾಲಯಕ್ಕೆ ಕರೆಸಿ, ಹುಡುಗಿಗೆ ಉಪಕರಣಗಳಿದ್ದ ಕತ್ತಲೆ ಕೋಣೆಯೊಂದನ್ನು ತೋರಿಸಿ, ಬಹಳ ಮಂದಿಯಲ್ಲಿ ಕಳವಳ ಹುಟ್ಟಿಸುವಂಥ ಅನುಭವವೊಂದು ಸ್ವಲ್ಪ ಹೊತ್ತಿನಲ್ಲಿ ಅವಳಿಗಾಗಲಿದೆ ಎಂದಷ್ಟೇ ಹೇಳಿ, ಜೋಡಿಯನ್ನು ಕಾಯಲು ಬಿಟ್ಟರು. ಆ ಕಾಯುವ ಹೊತ್ತನ್ನು ಕ್ಯಾಮೆರಾದಲ್ಲಿ ಸೆರೆಹಿಡಿದರು. ಕಳವಳ ಕಡಿಮೆ ಇದ್ದಾಗ ವಿಮುಖ ಹುಡುಗಿಯರು ಇತರರಿಗಿಂತ ದೂರವೇನೂ ಇರಲಿಲ್ಲ. ಕಳವಳ ಏರಿದಂತೆ ಭದ್ರ ಬಾಂಧವ್ಯದವರು ಜೊತೆಗಾರನ ಕಡೆಗೆ ಹೆಚ್ಚು ಹೆಚ್ಚು ವಾಲಿದರು. ವಿಮುಖರು ಅದೇ ಪ್ರಮಾಣದಲ್ಲಿ ಹಿಂದೆ ಸರಿದರು. ಹುಡುಗರಲ್ಲೂ ಇದರ ಇನ್ನೊಂದು ಮುಖ ಕಂಡಿತು: ಜೊತೆಗಾತಿಯ ಕಳವಳ ಹೆಚ್ಚಿದಂತೆ ಭದ್ರ ಬಾಂಧವ್ಯದ ಹುಡುಗರು ಹೆಚ್ಚು ಆಸರೆ ಕೊಟ್ಟರು, ವಿಮುಖರು ಕಡಿಮೆ ಕೊಟ್ಟರು. ಒಟ್ಟಾರೆ ಸ್ವಭಾವವನ್ನು ಕೇಳುವ ಯಾವ ಪ್ರಶ್ನಾವಳಿಯೂ ಇಂಥದ್ದನ್ನು ಸುಲಭವಾಗಿ ಹಿಡಿಯಲಾರದು, ಏಕೆಂದರೆ ಇಲ್ಲಿ ಒಬ್ಬನೇ ಮನುಷ್ಯ ನೆಮ್ಮದಿಯಲ್ಲಿ ಒಂದು ರೀತಿ, ಭಯದಲ್ಲಿ ಇನ್ನೊಂದು ರೀತಿ.

ಆಸ್ಪತ್ರೆಯ ಆ ರಾತ್ರಿಗಳನ್ನು ಈ ಬೆಳಕಿನಲ್ಲಿ ನೋಡಿ. ನಿಮ್ಮ ದುಃಖ ಹೆಚ್ಚಿದಾಗ ಅವರು ಹಿಂದೆ ಸರಿಯಲಿಲ್ಲ, ಹತ್ತಿರ ಬಂದು ಕೂತರು. ಮಾತಿಲ್ಲದೆ ಕೂತದ್ದು ಅಂತರ್ಮುಖತೆ; ಕೂತದ್ದು ಆಸರೆ. ತಮ್ಮದೇ ಸಂಕಟ ಬಂದಾಗ ಮಾತ್ರ ಅವರು ನಿಮ್ಮ ಬಳಿಗೆ ಬರಲಿಲ್ಲ. ಇದರಲ್ಲಿ ವಿಮುಖತೆಯ ಒಂದು ಎಳೆ ಇರಬಹುದು. ಮನೆಯವರಿಗೆ ಕಷ್ಟ ಹೇಳಿ ಅವರನ್ನೂ ಕಂಗೆಡಿಸಬಾರದು ಎಂದು ಗಂಡುಮಕ್ಕಳನ್ನು ಬೆಳೆಸುವ ನಮ್ಮ ರೂಢಿಯೂ ಇರಬಹುದು. ಕೆಲಸ ಹೋಗುವ ನಾಚಿಕೆಯೂ ಇರಬಹುದು. ಈ ಮೂರನ್ನೂ ಬೇರ್ಪಡಿಸಬಲ್ಲವರು ಅವರೊಬ್ಬರೇ, ಅದೂ ಕೇಳುವವರು ಸಾವಧಾನದಿಂದ ಕೇಳಿದರೆ. ಮೌನವಾಗಿರುವವರಿಗೆ ನೋವು ತಟ್ಟುವುದಿಲ್ಲ ಎಂದಂತೂ ಭಾವಿಸಬೇಡಿ. ಮೇರಿ ಡೋಜಿಯರ್ ಮತ್ತು ರೋಜರ್ ಕೋಬಾಕ್ 1992ರ ಅಧ್ಯಯನದಲ್ಲಿ, ಬಾಲ್ಯದ ಅಗಲಿಕೆ ಮತ್ತು ತಿರಸ್ಕಾರಗಳ ಬಗ್ಗೆ ಕೇಳಿದಾಗ ‘ಅದೇನೂ ದೊಡ್ಡ ವಿಷಯವಲ್ಲ’ ಎಂಬ ಧಾಟಿಯಲ್ಲಿ ಭಾವನೆಯನ್ನು ಅದುಮಿ ಮಾತನಾಡುತ್ತಿದ್ದವರ ಚರ್ಮದ ವಿದ್ಯುತ್ ವಾಹಕತೆ (ಒಳಗಿನ ಒತ್ತಡದ ಗುರುತು) ಅದೇ ಪ್ರಶ್ನೆಗಳ ಹೊತ್ತಿಗೆ ಏರುತ್ತಿದ್ದುದನ್ನು ದಾಖಲಿಸಿದರು. ಮೇಲೆ ತೋರದಂತೆ ತಡೆಹಿಡಿಯುವುದಕ್ಕೂ ದೇಹ ಶ್ರಮಪಡುತ್ತದೆ.

ನೀವು ಅವರ ಪರವಾಗಿ ಪರೀಕ್ಷೆಗೆ ಉತ್ತರಿಸಿದ್ದೀರಿ ಎಂಬುದರ ಬಗ್ಗೆ ಸ್ವಲ್ಪ ನೇರವಾಗಿ ಹೇಳಬೇಕಾಗಿದೆ. ಆ ಫಲಿತಾಂಶ ಅವರ ಬಗ್ಗೆ ಹೇಳುವುದಕ್ಕಿಂತ, ಅವರು ನಿಮಗೆ ಹೇಗೆ ಕಾಣುತ್ತಾರೆ ಎಂಬುದನ್ನು ಹೆಚ್ಚು ಹೇಳುತ್ತದೆ. ಲೋರ್ನ್ ಕ್ಯಾಂಪ್‌ಬೆಲ್ ಮತ್ತು ಸಹಸಂಶೋಧಕರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜೋಡಿಗಳು ಎರಡು ವಾರ ಪ್ರತಿದಿನ ತಮ್ಮ ನಡುವಿನ ಜಗಳ ಮತ್ತು ಆಸರೆಯ ಬಗ್ಗೆ ಬೇರೆ ಬೇರೆಯಾಗಿ ಬರೆದಿಟ್ಟರು. ಬಾಂಧವ್ಯದ ಆತಂಕ ಹೆಚ್ಚಿದ್ದವರು ತಮ್ಮ ಸಂಗಾತಿ ಗುರುತಿಸಿದ್ದಕ್ಕಿಂತ ಹೆಚ್ಚು ಘರ್ಷಣೆಯನ್ನು ಕಂಡಿದ್ದರು. ಆ ದಿನದ ಜಗಳದಿಂದ ಸಂಬಂಧದ ಭವಿಷ್ಯವನ್ನೇ ಅಳೆಯುವ ಪ್ರವೃತ್ತಿಯೂ ಅವರಲ್ಲಿ ಹೆಚ್ಚಿತ್ತು. ನಿಮ್ಮ ಅನುಭವ ಸುಳ್ಳೆಂದು ನಾನು ಹೇಳುತ್ತಿಲ್ಲ. ವಾರಗಟ್ಟಲೆ ಹೇಳದೆ ಬಚ್ಚಿಟ್ಟದ್ದು ಯಾರಿಗಾದರೂ ನೋವು ಕೊಡುತ್ತದೆ. ಆದರೆ ಆತಂಕ ಹೆಚ್ಚಿರುವವರ ಕಣ್ಣಿಗೆ ಮೌನ ತಿರಸ್ಕಾರದಂತೆ ಕಾಣುವ ಸಂಭವ ಹೆಚ್ಚಿರುವುದರಿಂದ, ಅವರ ಉತ್ತರಗಳನ್ನು ಅವರೇ ಕೊಡುವುದು ನ್ಯಾಯ.

ಬಾಂಧವ್ಯ ಶೈಲಿ ಒಬ್ಬ ವ್ಯಕ್ತಿಗೆ ಒಂದೇ ಎಂಬುದೂ ನಿಜವಲ್ಲ. ತಾಯಿಯ ವಿಷಯದಲ್ಲಿ ಭದ್ರವಾಗಿರುವವರು ಗಂಡನ ವಿಷಯದಲ್ಲಿ ಆತಂಕದಿಂದಿರಬಹುದು, ಗೆಳತಿಯ ವಿಷಯದಲ್ಲಿ ಮತ್ತೊಂದು ರೀತಿ. ಹೀಗೆ ಒಬ್ಬೊಬ್ಬರ ವಿಷಯದಲ್ಲಿ ಬೇರೆ ಬೇರೆಯಾಗಿ ಕೇಳುವ ಒಂಬತ್ತು ಹೇಳಿಕೆಗಳ ಅಳತೆಯೊಂದನ್ನು ಕ್ರಿಸ್ ಫ್ರೇಲಿ ಮತ್ತು ಸಹಸಂಶೋಧಕರು 2011ರಲ್ಲಿ ಪ್ರಕಟಿಸಿದ್ದಾರೆ. ಇನ್ನು ಬಾಂಧವ್ಯವನ್ನು ಅಳೆಯುವ ಎರಡು ಪ್ರಮುಖ ವಿಧಾನಗಳೇ ಒಂದಕ್ಕೊಂದು ಹೆಚ್ಚು ಹೊಂದುವುದಿಲ್ಲ: ಬಾಲ್ಯದ ಬಗ್ಗೆ ತರಬೇತಾದವರು ನಡೆಸುವ ದೀರ್ಘ ಸಂದರ್ಶನ ಒಂದು, ನೀವು ತುಂಬಿದಂಥ ಪ್ರಶ್ನಾವಳಿ ಇನ್ನೊಂದು. ಗ್ಲೆನ್ ರಾಯ್ಸ್‌ಮನ್ ಮತ್ತು ಇತರರು 2007ರಲ್ಲಿ ಲಭ್ಯ ಅಧ್ಯಯನಗಳನ್ನೆಲ್ಲ ಸೇರಿಸಿ ನೋಡಿದಾಗ ಇವೆರಡರ ನಡುವಿನ ಸಹಸಂಬಂಧ 0.09 ಮಾತ್ರ. ಅಂದರೆ ‘ನನ್ನ ಬಾಂಧವ್ಯ ಶೈಲಿ ಇದು’ ಎನ್ನುವ ಮೊದಲು ಯಾವ ಅಳತೆಯಿಂದ, ಯಾರ ವಿಷಯದಲ್ಲಿ ಎಂದು ಕೇಳಿಕೊಳ್ಳಬೇಕಾಗುತ್ತದೆ.

ನಮ್ಮ ಕುಟುಂಬಗಳ ವಿಷಯದಲ್ಲಿ ಇನ್ನೂ ಒಂದು ಎಚ್ಚರಿಕೆ ಬೇಕು. ಈ ಪ್ರಶ್ನಾವಳಿಗಳನ್ನು ರೂಪಿಸಿದ್ದು ಬಹುಪಾಲು ಅಮೆರಿಕದ ಕಾಲೇಜು ವಿದ್ಯಾರ್ಥಿಗಳ ಉತ್ತರಗಳಿಂದ. ಮನಸ್ಸಿನಲ್ಲಿರುವುದನ್ನು ಸಂಗಾತಿಗೆ ಬಾಯಿಬಿಟ್ಟು ಹೇಳದಿರುವುದು ಅಲ್ಲಿ ವಿಮುಖತೆಯ ಗುರುತು. ಅತ್ತೆ-ಮಾವ, ಮೈದುನ, ನಾದಿನಿ ಇರುವ ಮನೆಯಲ್ಲಿ ಗಂಡ ಹೆಂಡತಿಯ ಪಕ್ಕ ಕೂತು ಮಾತನಾಡುವುದಕ್ಕೇ ಸಂಕೋಚಪಡುವ ವಾತಾವರಣದಲ್ಲಿ ಬೆಳೆದವರು ಅದೇ ಹೇಳಿಕೆಗೆ ‘ಹೌದು’ ಎಂದರೆ ಅದರ ಅರ್ಥ ಅಷ್ಟೇ ಇರಬೇಕೆಂದಿಲ್ಲ. ನಮ್ಮಲ್ಲಿ ಎಷ್ಟೋ ಪ್ರೀತಿ ‘ಊಟ ಆಯ್ತಾ’ ಎಂಬ ಪ್ರಶ್ನೆಯಲ್ಲಿ, ಬಸ್‌ಸ್ಟ್ಯಾಂಡಿಗೆ ಬಂದು ಬಿಟ್ಟುಹೋಗುವುದರಲ್ಲಿ ವ್ಯಕ್ತವಾಗುತ್ತದೆ. ಅಜ್ಜಿ, ಅತ್ತೆ, ಅಕ್ಕ ಎಲ್ಲರ ಮಡಿಲಲ್ಲೂ ಬೆಳೆದ ಮಗುವಿಗೆ ಆಸರೆಯ ಮುಖ ಒಂದೇ ಆಗಿರುವುದಿಲ್ಲ; ಐನ್ಸ್‌ವರ್ತ್ ಅವರು ಉಗಾಂಡಾದಲ್ಲಿ ಕಂಡ ಮಕ್ಕಳಲ್ಲೂ ಅನೇಕರು ಹಲವರ ಆರೈಕೆಯಲ್ಲಿ ಬೆಳೆಯುತ್ತಿದ್ದರು. ಹಾಗೆಂದು ಸಿದ್ಧಾಂತವೇ ನಮಗೆ ಸಲ್ಲದೆನ್ನಲಾಗದು. ಎಂಟು ದೇಶಗಳ ಶಿಶುಗಳ ಮೇಲಿನ 32 ಅಧ್ಯಯನಗಳನ್ನು ಒಟ್ಟುಮಾಡಿದ 1988ರ ವಿಶ್ಲೇಷಣೆಯಲ್ಲಿ ದೇಶ-ದೇಶಗಳ ನಡುವಿನ ವ್ಯತ್ಯಾಸಕ್ಕಿಂತ ಒಂದೇ ದೇಶದೊಳಗಿನ ವ್ಯತ್ಯಾಸ ಸುಮಾರು ಒಂದೂವರೆ ಪಟ್ಟು ಹೆಚ್ಚಿತ್ತು. ಹತ್ತಿರದವರ ಆಸರೆ ಬೇಕೆನ್ನುವುದು ಎಲ್ಲೆಡೆ ಒಂದೇ. ಅದನ್ನು ಕೇಳುವ ಮತ್ತು ಕೊಡುವ ರೀತಿ ಮಾತ್ರ ಮನೆಯಿಂದ ಮನೆಗೆ ಬೇರೆ.

ಇನ್ನು ಬದಲಾವಣೆಯ ಪ್ರಶ್ನೆ. ಅವಳಿ ಮಕ್ಕಳ ಅಧ್ಯಯನಗಳ ಪ್ರಕಾರ ಐದು ಗುಣಗಳಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದ ಶೇ 40ರಿಂದ 50ರಷ್ಟಕ್ಕೆ ಆನುವಂಶಿಕ ಕಾರಣಗಳಿವೆ. ಒಂದು ಜನಸಮೂಹದ ಬಗ್ಗೆ ಹೇಳುವ ಈ ಮಾತಿನಿಂದ ನಿಮ್ಮ ಯಜಮಾನರ ಸ್ವಭಾವದಲ್ಲಿ ಅರ್ಧ ಭಾಗ ಕಲ್ಲಿನಲ್ಲಿ ಕೊರೆದದ್ದು ಎಂದು ತಿಳಿಯಬೇಕಿಲ್ಲ. ವ್ಯಕ್ತಿತ್ವದ ಗುಣಗಳೂ ಬದಲಾಗುತ್ತವೆ. ಬ್ರೆಂಟ್ ರಾಬರ್ಟ್ಸ್ ಮತ್ತು ಇತರರು 2017ರಲ್ಲಿ 207 ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಮಾನಸಿಕ ಚಿಕಿತ್ಸೆಯಿಂದ ವ್ಯಕ್ತಿತ್ವದಲ್ಲಿ ಅಳೆಯಬಹುದಾದ ಬದಲಾವಣೆ ಆಗುವುದು ಕಂಡಿತು, ಅದೂ ಹೆಚ್ಚಾಗಿ ಭಾವನಾತ್ಮಕ ಸ್ಥಿರತೆಯಲ್ಲಿ, ಅಂದರೆ ಬಾಂಧವ್ಯದ ಆತಂಕಕ್ಕೆ ಅತ್ಯಂತ ಹತ್ತಿರದ ಗುಣದಲ್ಲಿಯೇ. ಶೈಶವದಲ್ಲಿ ಕಂಡ ಬಾಂಧವ್ಯ ದೊಡ್ಡವರಾದ ಮೇಲೂ ಹಾಗೆಯೇ ಉಳಿಯುತ್ತದೆ ಎಂಬ ಜನಪ್ರಿಯ ನಂಬಿಕೆಗೂ ದೀರ್ಘಕಾಲದ ಅಧ್ಯಯನಗಳಲ್ಲಿ ಸಿಕ್ಕಿರುವ ಬೆಂಬಲ ದುರ್ಬಲ. ಹದಿಹರೆಯದಿಂದ ಇಳಿವಯಸ್ಸಿನವರೆಗಿನ ಮಾಹಿತಿಯನ್ನು ಪರಿಶೀಲಿಸಿ ವಿಲಿಯಂ ಚೋಪಿಕ್ ಮತ್ತು ಇತರರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಾಂಧವ್ಯದ ಆತಂಕ ವಯಸ್ಸಿನೊಂದಿಗೆ ಒಟ್ಟಾರೆ ಇಳಿಯುತ್ತಿತ್ತು. ಸಂಗಾತಿ ಇದ್ದವರಲ್ಲಿ ಆತಂಕವೂ ವಿಮುಖತೆಯೂ ಕಡಿಮೆಯಿದ್ದವು. ಮದುವೆಯ ನಾಲ್ಕನೆಯ ವರ್ಷ ಎಂದರೆ ಇನ್ನೂ ಆರಂಭವೇ.

ವಿಮುಖತೆಯ ಎಳೆ ಇರುವವರೊಂದಿಗೆ ಮಾತನಾಡುವ ರೀತಿಯ ಬಗ್ಗೆ ಉಪಯುಕ್ತವಾದ ಸಂಶೋಧನೆಯೊಂದಿದೆ. ನ್ಯೂಜಿಲೆಂಡಿನ ನಿಕೋಲಾ ಓವರಾಲ್ ಮತ್ತು ಸಹಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಂಗಾತಿ ‘ನೀನು ಬದಲಾಗಬೇಕು’ ಎಂದು ಕೇಳುವ ಹೊತ್ತಿನಲ್ಲಿ ವಿಮುಖ ಶೈಲಿಯವರು ಸಿಟ್ಟಿನಿಂದ ಮುದುಡಿಕೊಳ್ಳುತ್ತಿದ್ದರು. ಆದರೆ ಕೇಳುವವರು ಅವರ ಸ್ವಾತಂತ್ರ್ಯವನ್ನು ಗೌರವಿಸಿ, ಅವರ ದೃಷ್ಟಿಯನ್ನು ಒಪ್ಪಿಕೊಂಡು, ಅವರು ಈಗಾಗಲೇ ಮಾಡಿದ ಪ್ರಯತ್ನವನ್ನು ಗುರುತಿಸಿ ಮಾತನಾಡಿದಾಗ ಆ ಮುದುಡುವಿಕೆ ಕಡಿಮೆಯಾಗುತ್ತಿತ್ತು. ನಿಮ್ಮ ವಿಷಯದಲ್ಲಿ ಇದರ ಅರ್ಥ, ಕೆಲಸದ ವಿಷಯವನ್ನು ಎತ್ತುವ ಮೊದಲು ಆಸ್ಪತ್ರೆಯ ರಾತ್ರಿಗಳನ್ನು ಎತ್ತಿ. ಅವರು ಬಂದು ಕೂತದ್ದು ನಿಮಗೆ ಏನಾಗಿತ್ತು ಎಂದು ಹೇಳಿ. ಆಮೇಲೆ, ‘ಆ ವಾರಗಳಲ್ಲಿ ನಿಮಗೆ ಏನನ್ನಿಸ್ತಿತ್ತು ಅಂತ ನನಗೆ ತಿಳೀಬೇಕು, ಬಗೆಹರಿಸೋಕಲ್ಲ, ಸುಮ್ಮನೆ ಕೇಳೋಕೆ’ ಎಂದು ಕೇಳಿ. ಅವರು ಎರಡೇ ವಾಕ್ಯ ಹೇಳಿ ನಿಲ್ಲಿಸಿದರೆ ಆ ಎರಡು ವಾಕ್ಯಗಳನ್ನು ಸ್ವೀಕರಿಸಿ, ಮೂರನೆಯದನ್ನು ಎಳೆಯಬೇಡಿ.

ನೀವಿಬ್ಬರೂ ವಾರದ ಐದು ದಿನ ಬೇರೆ ಊರುಗಳಲ್ಲಿರುವುದರಿಂದ ಭಾನುವಾರ ಸಂಜೆಯನ್ನೂ ಶುಕ್ರವಾರ ರಾತ್ರಿಯನ್ನೂ ವಿಶೇಷವಾಗಿ ಗಮನಿಸಿ. ಫ್ರೇಲಿ ಮತ್ತು ಶೇವರ್ 1998ರಲ್ಲಿ ವಿಮಾನ ನಿಲ್ದಾಣದಲ್ಲಿ ಪರಸ್ಪರ ಬೀಳ್ಕೊಡುತ್ತಿದ್ದ ಜೋಡಿಗಳನ್ನು ಗಮನಿಸಿ ಪ್ರಕಟಿಸಿದ ಅಧ್ಯಯನದಲ್ಲಿ, ನಿಜವಾಗಿ ಅಗಲುವ ಹೊತ್ತಿನಲ್ಲಿ ವಿಮುಖ ಶೈಲಿಯ ಮಹಿಳೆಯರು ಸಂಗಾತಿಯಿಂದ ದೂರ ಸರಿಯುತ್ತಿದ್ದರು. ಒಟ್ಟಿಗೇ ಪ್ರಯಾಣ ಹೊರಟಿದ್ದವರಲ್ಲಿ ಆ ಸರಿಯುವಿಕೆ ಕಾಣಲಿಲ್ಲ. ಬಾಂಧವ್ಯದ ಎಳೆಗಳು ಬಿಗಿಯಾಗುವುದು ಅಗಲುವಾಗ ಮತ್ತು ಮರಳಿ ಸೇರುವಾಗ. ಭಾನುವಾರ ಸಂಜೆ ನಿಮ್ಮಿಬ್ಬರ ನಡುವೆ ಸಣ್ಣ ವಿಷಯಕ್ಕೂ ಜಗಳ ಹತ್ತಿಕೊಳ್ಳುತ್ತಿದ್ದರೆ ಅದಕ್ಕೆ ಕಾರಣ ಆ ಸಣ್ಣ ವಿಷಯವೇ ಆಗಿರಲಾರದು. ಫೋನಿನ ಸಂದೇಶಕ್ಕೆ ಉತ್ತರ ತಡವಾಗುವುದನ್ನು ಮಾತ್ರ ಅಳತೆಯಾಗಿ ತೆಗೆದುಕೊಳ್ಳಬೇಡಿ. ಅದರಲ್ಲಿ ಕಚೇರಿಯ ಗಡಿಬಿಡಿಯನ್ನೂ ಸ್ವಭಾವವನ್ನೂ ಬಾಂಧವ್ಯವನ್ನೂ ಬಿಡಿಸಿ ನೋಡುವುದು ಸಾಧ್ಯವಿಲ್ಲ.

ಪರೀಕ್ಷೆಯನ್ನು ಮತ್ತೆ ತೆಗೆದುಕೊಳ್ಳಬೇಕೆನಿಸಿದರೆ ಇಬ್ಬರೂ ಒಂದೇ ಪ್ರಶ್ನಾವಳಿಗೆ, ಬೇರೆ ಬೇರೆಯಾಗಿ, ನಿಮ್ಮಿಬ್ಬರ ಸಂಬಂಧವನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಂಡು ಉತ್ತರಿಸಿ. ಶೈಲಿಯ ಹೆಸರು ಕೊಡುವ ಪರೀಕ್ಷೆಗಿಂತ ಆತಂಕ ಎಷ್ಟು, ವಿಮುಖತೆ ಎಷ್ಟು ಎಂದು ಎರಡು ಅಂಕಗಳನ್ನು ಕೊಡುವುದು ಮೇಲು. ಅವರಿಗೆ ಇಷ್ಟವಿಲ್ಲದಿದ್ದರೆ ಒತ್ತಾಯ ಬೇಡ. ಜಗಳದ ನಡುವೆ ‘ನೀವು ವಿಮುಖ ಶೈಲಿಯವರು, ಅದಕ್ಕೇ ಹೀಗೆ’ ಎನ್ನುವುದನ್ನು ಖಂಡಿತ ಬಿಡಿ. ಹೆಸರು ಅಂಟಿಸಿದ ಕೂಡಲೇ ಎದುರಿನವರಿಗೆ ತಾವು ವಿವರಿಸಬೇಕಾದ್ದು ಏನೂ ಉಳಿಯುವುದಿಲ್ಲ.

ಒಂದು ವಿಷಯವನ್ನು ಎಲ್ಲ ಓದುಗರಿಗೂ ಹೇಳಬೇಕು. ಬೈಗುಳ, ಹೊಡೆತ, ಹಣಕಾಸಿನ ಹಿಡಿತ, ಹೆದರಿಸುವಿಕೆ ಇರುವ ಮನೆಯಲ್ಲಿ ‘ಅವರದು ವಿಮುಖ ಶೈಲಿ, ನನ್ನದು ಆತಂಕದ ಶೈಲಿ’ ಎಂಬ ವಿವರಣೆ ಸಲ್ಲದು. ಅಲ್ಲಿನ ಆತಂಕಕ್ಕೆ ನಿಜವಾದ ಕಾರಣ ಕಣ್ಣೆದುರಿಗೇ ಇರುತ್ತದೆ, ಅಲ್ಲಿ ಮೊದಲು ಬೇಕಾದದ್ದು ರಕ್ಷಣೆ. ನಿಮ್ಮ ಪತ್ರದಲ್ಲಿ ಅಂಥದ್ದೇನೂ ಕಾಣಲಿಲ್ಲ.

ನಿಮ್ಮ ಆತಂಕ ನಿದ್ರೆಯನ್ನೋ ತರಗತಿಯ ಕೆಲಸವನ್ನೋ ಕೆಡಿಸುವಷ್ಟಿದ್ದರೆ, ಯಜಮಾನರು ಬರಲಿ ಬಿಡಲಿ, ನೀವೊಬ್ಬರೇ ಮೊದಲು ಹೋಗಿ ಮಾತನಾಡಬಹುದು. ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾದ ಕ್ಲಿನಿಕಲ್ ಸೈಕಾಲಜಿಸ್ಟ್ ಒಬ್ಬರನ್ನು ಕಾಣಿ. ಸರ್ಕಾರಿ ವೈದ್ಯಕೀಯ ಕಾಲೇಜುಗಳ ಮನೋವೈದ್ಯಕೀಯ ವಿಭಾಗಗಳಲ್ಲಿ ಅಥವಾ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವಿಚಾರಿಸಬಹುದು. ದಂಪತಿಗಳಿಬ್ಬರೂ ಒಟ್ಟಿಗೆ ಹೋಗಲು ಒಪ್ಪಿದರೆ, ಬಾಂಧವ್ಯದ ಸಿದ್ಧಾಂತವನ್ನೇ ಆಧರಿಸಿ ಸ್ಯೂ ಜಾನ್ಸನ್ ಮತ್ತು ಲೆಸ್ಲಿ ಗ್ರೀನ್‌ಬರ್ಗ್ 1980ರ ದಶಕದಲ್ಲಿ ರೂಪಿಸಿದ, ಭಾವನೆಗಳ ಮೇಲೆ ಗಮನವಿಡುವ ದಾಂಪತ್ಯ ಚಿಕಿತ್ಸೆಯಲ್ಲಿ ತರಬೇತಿ ಪಡೆದವರಿದ್ದಾರೆಯೇ ಎಂದು ಕೇಳಿ ನೋಡಿ. ತಕ್ಷಣ ಯಾರೊಂದಿಗಾದರೂ ಮಾತನಾಡಬೇಕೆನಿಸಿದರೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು. ಅಲ್ಲಿ ಕನ್ನಡದಲ್ಲೇ ಮಾತನಾಡುವ ಆಪ್ತಸಮಾಲೋಚಕರು ಸಿಗುತ್ತಾರೆ.